ಕೊಡೆಯೊಳಗೆ ಬಿದ್ದ ಗಾರೆ

ಕೆಳಗೆ ಆಭರಣದಂಗಡಿ, ಮೇಲೆ ಮನೆ. ಕಳ್ಳರು ಮೊದಲು ಮನೆಯ ನೆಲಕ್ಕೆ ಒಂದು ಸಣ್ಣ ತೂತು ಕೊರೆಯುತ್ತಾರೆ. ಅದರೊಳಗಿಂದ ಮಡಿಚಿದ ಕೊಡೆಯನ್ನು ಇಳಿಬಿಟ್ಟು ಅಲ್ಲೇ ಬಿಚ್ಚುತ್ತಾರೆ. ಆಮೇಲೆ ತೂತು ದೊಡ್ಡದಾದಂತೆಲ್ಲ ಉದುರುವ ಗಾರೆ ಅಂಗಡಿಯ ನೆಲ ಮುಟ್ಟುವುದಿಲ್ಲ, ಕೊಡೆಯಲ್ಲೇ ತುಂಬಿಕೊಳ್ಳುತ್ತದೆ. ತುಸು ಅದುರಿದರೂ ಹೊಡೆದುಕೊಳ್ಳುವ ಅಲಾರಂ ಅಲ್ಲಿದೆ. ಕೆಳಗಿಳಿದವರು ಬೆಂಕಿ ಆರಿಸುವ ಸಿಲಿಂಡರಿನ ನೊರೆ ತುಂಬಿ ಅದರ ಬಾಯಿ ಕಟ್ಟುತ್ತಾರೆ. ತಿಜೋರಿ ಒಡೆಯುವ ಕೆಲಸ ಇನ್ನೂ ಬಾಕಿ.

ಇದೆಲ್ಲ ನಡೆಯುವ ‘ರಿಫಿಫಿ’ 1955ರ ಫ್ರೆಂಚ್ ಕಪ್ಪು-ಬಿಳುಪು ಚಿತ್ರ. ಸುಮಾರು ಅರ್ಧ ಗಂಟೆಯ ಈ ಕಳ್ಳತನದಲ್ಲಿ ಒಂದು ಮಾತಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಸಂಗೀತ ನಿರ್ದೇಶಕ ಜಾರ್ಜ್ ಓರಿಕ್ ಈ ಭಾಗಕ್ಕೂ ಸಂಗೀತ ಕೂಡಿಸಿದ್ದರು. ನಿರ್ದೇಶಕ ಜೂಲ್ಸ್ ಡಾಸಿನ್ ಅದನ್ನು ಸಂಗೀತದೊಂದಿಗೆ ಒಮ್ಮೆ, ಇಲ್ಲದೆ ಒಮ್ಮೆ ತೋರಿಸಿದರು. ನೋಡಿದ ಓರಿಕ್ ತಮ್ಮ ಸಂಗೀತವನ್ನು ತಾವೇ ಬೇಡವೆಂದರು. ನಮ್ಮ ಸಂಗೀತ ನಿರ್ದೇಶಕರಲ್ಲಿ ಎಷ್ಟು ಮಂದಿ ಇದಕ್ಕೆ ಒಪ್ಪಿಯಾರು?

ಮಾತಿಲ್ಲದ ದೃಶ್ಯಕ್ಕೆ ಭಾಷೆಯ ಹಂಗೂ ಇಲ್ಲ. ಅಫಜಲಪುರ ತಾಲ್ಲೂಕಿನ ಚೌಡಾಪುರ ಗಾಣಗಾಪುರದ ದತ್ತನ ದರ್ಶನಕ್ಕೆ ಹೋಗುವವರ ಹಾದಿಯ ಊರು. ಕನ್ನಡದ ಜೊತೆ ಮರಾಠಿ, ಉರ್ದು, ಹಿಂದಿ ದಿನವೂ ಕಿವಿಗೆ ಬೀಳುವ ಸೀಮೆ ಇದು. ಅಲ್ಲಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಯಾರಾದರೂ ಮೊಬೈಲಿನಲ್ಲಿ ಈ ಅರ್ಧ ಗಂಟೆ ನೋಡಿದರೆ ಫ್ರೆಂಚ್ ಬರುವುದಿಲ್ಲವೆಂಬುದು ನೆನಪಿಗೂ ಬಾರದು. ಉಸಿರು ಬಿಗಿಹಿಡಿಯುವುದಕ್ಕೆ ಸಬ್‌ಟೈಟಲ್ ಬೇಕೆ?

ಕನ್ನಡದ ಕಪ್ಪು-ಬಿಳುಪು ಥ್ರಿಲ್ಲರ್ ಹಿಡಿದದ್ದು ಬೇರೆಯೇ ದಾರಿ. 1968ರಲ್ಲಿ ಬಂದ ದೊರೆ-ಭಗವಾನ್ ಜೋಡಿಯ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಸಿ.ಐ.ಡಿ. 999 ಆದರು. ಮಾದರಿ ಜೇಮ್ಸ್ ಬಾಂಡ್. ಹಾಡು, ಹೊಡೆದಾಟ, ವೇಷ ಎಲ್ಲ ಉಂಟು. ಶಿಳ್ಳೆಗೆಂದೇ ಮಾಡಿದ ಚಿತ್ರ, ಆ ಮಟ್ಟಿಗೆ ಪ್ರಾಮಾಣಿಕ. ಮೌನವನ್ನು ನೆಚ್ಚುವ ಧೈರ್ಯ ಬೆಂಗಳೂರಿನಲ್ಲಿ ಚಿತ್ರಿಸಿದ ಬಣ್ಣದ ‘ಪುಷ್ಪಕ ವಿಮಾನ’ಕ್ಕೆ ಬಂತು, 1987ರಲ್ಲಿ. ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶಿಸಿದ ಈ ಚಿತ್ರ ನಗಿಸುವಂಥದು. ಆದರೂ ಒಳಗೆ ಅಪಹರಣವಿದೆ, ಸುಪಾರಿ ಹಂತಕನೂ ಇದ್ದಾನೆ. ಅವನ ಕೈಯಲ್ಲಿರುವುದು ಮಂಜುಗಡ್ಡೆಯ ಚೂರಿ. ಕೆಲಸವಾದ ಮೇಲೆ ಕರಗಿ ಹೋಗುವ ಆಯುಧ! ಕೊಡೆಯ ಉಪಾಯ ಕಂಡ ಕಣ್ಣಿಗೆ ಈ ಚೂರಿ ಅದರ ತಮ್ಮನಂತೆ ಕಾಣುತ್ತದೆ.

ಇನ್ನು ‘ರಿಫಿಫಿ’ಯ ಡಾಸಿನ್ ಫ್ರೆಂಚರಲ್ಲ, ಅಮೆರಿಕದವರು. ಕಮ್ಯುನಿಸ್ಟರ ಬೇಟೆಯ ಕಾಲದಲ್ಲಿ ಸಹೋದ್ಯೋಗಿ ನಿರ್ದೇಶಕ ಎಡ್ವರ್ಡ್ ಡಿಮಿಟ್ರಿಕ್ ವಿಚಾರಣಾ ಸಮಿತಿಯೆದುರು ಇವರ ಹೆಸರು ಹೇಳಿದ್ದೇ ತಡ, ಹಾಲಿವುಡ್ ಬಾಗಿಲು ಮುಚ್ಚಿತು. ಕೆಲಸವಿಲ್ಲದ ವರ್ಷಗಳ ನಂತರ ಸಣ್ಣ ಬಜೆಟ್ಟಿನ ‘ರಿಫಿಫಿ’ ಕೈಗೆ ಸಿಕ್ಕಿತು. ತಿಜೋರಿ ಒಡೆಯುವ ಇಟಲಿಯವ ಸೆಜಾರ್‌ನ ಪಾತ್ರವನ್ನು ಪೆರ್ಲೊ ವೀಟಾ ಎಂಬ ಹೆಸರಿನಲ್ಲಿ ಅವರೇ ಮಾಡಿದರು. ಮೆಚ್ಚಿದ ಹುಡುಗಿಗೆಂದು ಸೆಜಾರ್ ಕದ್ದ ಮಾಲಿನಿಂದ ಒಂದು ಉಂಗುರ ಎತ್ತಿಕೊಳ್ಳುತ್ತಾನೆ. ಎದುರಾಳಿ ಗುಂಪು ಅದರ ಜಾಡು ಹಿಡಿದು ಬಂದಾಗ ಹೆದರಿ ಜೊತೆಗಾರನ ಹೆಸರು ಬಾಯಿಬಿಡುತ್ತಾನೆ. ಕಳ್ಳರ ಗುಂಪಿನ ಮುಖಂಡ ಟೋನಿ ಬಂದು ಕಟ್ಟಿಹಾಕಿದ್ದ ಸೆಜಾರ್‌ನಿಗೆ ಗುಂಡು ಹೊಡೆಯುತ್ತಾನೆ. ಹೆಸರು ಹೇಳಿದವನಿಗೆ ಇದೇ ಶಿಕ್ಷೆಯೆಂದು ಸೆಜಾರ್‌ನಿಗೂ ಗೊತ್ತು, ವಾದಿಸುವುದಿಲ್ಲ. ತಮ್ಮನ್ನು ಹಿಡಿದುಕೊಟ್ಟವರ ಪಾಪವನ್ನು ಡಾಸಿನ್ ತಾವೇ ಹೊತ್ತು ನಟಿಸಿದ್ದು ನನಗಂತೂ ಕಳ್ಳತನಕ್ಕಿಂತ ಹೆಚ್ಚು ನಡುಕ ಹುಟ್ಟಿಸುತ್ತದೆ. 1955ರ ಕಾನ್ ಉತ್ಸವದಲ್ಲಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು.