ಡಿಕ್ಲರೇಷನ್ ಕೊಟ್ಟವರು, ಕೊಡದೆ ಉಳಿದವರು

ಕರ್ನಾಟಕದಲ್ಲಿ ಗೇಣಿಗೆ ಕೊಟ್ಟಿದ್ದ ಜಮೀನು, ಸೈನಿಕರ ಜಮೀನಿನಂಥ ಕೆಲವು ವಿನಾಯಿತಿ ಬಿಟ್ಟರೆ, 1974ರ ಮಾರ್ಚ್ 1ರಂದು ಕಾಯ್ದೆಯ ಲೆಕ್ಕದಲ್ಲಿ ಸರ್ಕಾರದ್ದಾಯಿತು. ಗದ್ದೆಯಲ್ಲಿ ಅಂದು ಏನೂ ಬದಲಾಗಲಿಲ್ಲ. ನಿನ್ನೆ ಉಳುತ್ತಿದ್ದವನೇ ಇಂದೂ ಉಳುತ್ತಿದ್ದ. ಆದರೆ ಅಜ್ಜ, ಮುತ್ತಜ್ಜನ ಕಾಲದಿಂದ ಅಳೆಯುತ್ತ ಬಂದ ಗೇಣಿಗೆ ಮಂಗಳ ಹಾಡಿ, ಆ ನೆಲವನ್ನು ತನ್ನ ಹೆಸರಿಗೆ ಮಾಡಿಕೊಳ್ಳಲು ಅವನಿಗೆ ಮುಖ್ಯವಾಗಿ ಉಳಿದಿದ್ದ ಕೆಲಸ ಒಂದೇ: ನಮೂನೆ 7 ಎಂಬ ಅರ್ಜಿ ತುಂಬಿ ತಾಲ್ಲೂಕಿನ ಭೂನ್ಯಾಯಮಂಡಳಿಗೆ ಕೊಡುವುದು. ಕರಾವಳಿಯಲ್ಲಿ ಇದಕ್ಕೆ ‘ಡಿಕ್ಲರೇಷನ್ ಕೊಡುವುದು’ ಎನ್ನುತ್ತಿದ್ದರು, ಈಗಲೂ ಎನ್ನುತ್ತಾರೆ. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಗಿ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಅಷ್ಟರೊಳಗೆ ಎಂಟು ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಂದವು, ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು. ಅರ್ಜಿಯನ್ನೇ ಕೊಡದೆ ಉಳಿದವರೂ ಊರೂರಿನಲ್ಲಿ ಇದ್ದರು. ಕೊಟ್ಟವನು ಬುದ್ಧಿವಂತ, ಧೈರ್ಯಸ್ಥ. ಕೊಡದವನು ಮನೆಗೆ ಬಂದ ಭಾಗ್ಯವನ್ನು ಕಾಲಿಂದ ಒದ್ದ ಪೆದ್ದ ಎಂದು ಊರು ತೀರ್ಪು ಕೊಟ್ಟು ಅರ್ಧ ಶತಮಾನವಾಯಿತು. ಜೀವಮಾನಕ್ಕೊಮ್ಮೆ ಬರುವ ಅವಕಾಶದ ಬಗ್ಗೆ ನಾವು ಆಡುವ ಮಾತೆಲ್ಲ ಹೆಚ್ಚುಕಡಿಮೆ ಈ ತೀರ್ಪಿನ ಧಾಟಿಯಲ್ಲೇ ಇರುತ್ತದೆ. ಅದನ್ನು ಮರುವಿಚಾರಣೆಗೆ ತೆಗೆದುಕೊಳ್ಳಬೇಕೆಂಬುದು ನನ್ನ ವಾದ. ಏಕೆಂದರೆ, ಭೂಸುಧಾರಣೆಯಷ್ಟು ವಿಶಾಲವಾಗಿ, ಒಂದೇ ನಿಯಮ, ಒಂದೇ ದಿನಾಂಕದಲ್ಲಿ ಲಕ್ಷಾಂತರ ಜನರ ಮುಂದೆ ಅವಕಾಶ ಇಟ್ಟ ಪ್ರಸಂಗ ನಮ್ಮ ನಾಡಿನ ಚರಿತ್ರೆಯಲ್ಲಿ ಹೆಚ್ಚಿಲ್ಲ. ಯಾರು ಹಿಡಿದರು, ಯಾರು ಬಿಟ್ಟರು, ಏಕೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ಗಮನಿಸಬೇಕಾದದ್ದು, ಅವಕಾಶ ತೆರೆದುಕೊಳ್ಳುವ ಮೊದಲೇ ಅದನ್ನು ಕಳೆದುಕೊಂಡವರನ್ನು. ರಾಜ್ಯದ ಭೂಸುಧಾರಣಾ ಕಾಯ್ದೆ ಹುಟ್ಟಿದ್ದು 1961ರಲ್ಲಿ, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ದೇವರಾಜ ಅರಸು ಸರ್ಕಾರ ಅದಕ್ಕೆ ಹಲ್ಲು ಕೊಟ್ಟದ್ದು 1974ರ ತಿದ್ದುಪಡಿಯಲ್ಲಿ. ಈ ಹದಿಮೂರು ವರ್ಷದ ಬಿಡುವು ಧಣಿಗಳಿಗೆ ಬೇಕಾದಷ್ಟಾಯಿತು. ಮುಂದೇನು ಬರಲಿದೆ ಎಂದು ಪತ್ರಿಕೆ ಓದುವ, ವಕೀಲರ ಒಡನಾಟವಿರುವ ಮನೆಗಳಿಗೆ ಗೊತ್ತಿತ್ತು. ಕೆಲವು ಕಡೆ ಒಕ್ಕಲೆಬ್ಬಿಸಿದರು. ಕೆಲವು ಕಡೆ ಗೇಣಿದಾರ ‘ಸ್ವಇಚ್ಛೆಯಿಂದ’ ಜಮೀನು ಬಿಟ್ಟುಕೊಟ್ಟನೆಂದು ಬರೆಸಿಕೊಂಡರು. ಇನ್ನು ಕೆಲವು ಕಡೆ ಪಹಣಿಯಲ್ಲಿ ಸಾಗುವಳಿದಾರನ ಹೆಸರು ಬರೆಯುವ 12ನೇ ಕಾಲಂನಲ್ಲಿ ‘ಸ್ವಂತ’ ಎಂದೇ ಬರೆಸಿದರು. ಕಾಯ್ದೆ ಕೇಳುತ್ತಿದ್ದದ್ದು 1974ರ ಮಾರ್ಚ್ 1ಕ್ಕೆ ಅಥವಾ ಅದಕ್ಕೆ ಹಿಂದಣ ಗಳಿಗೆಯಲ್ಲಿ ಜಮೀನು ಯಾರ ಸ್ವಾಧೀನದಲ್ಲಿತ್ತು ಎಂಬುದನ್ನು. 1969ರಲ್ಲಿ ಗದ್ದೆ ಬಿಟ್ಟವನಿಗೆ ಆ ದಿನಾಂಕದಿಂದ ಪ್ರಯೋಜನವೇನು? ಅವನು ಅವಕಾಶ ಹಾಳುಮಾಡಿಕೊಂಡ ಎನ್ನುವುದಕ್ಕೂ ಅರ್ಥವಿಲ್ಲ.

ಇನ್ನು ಸ್ವಾಧೀನದಲ್ಲಿದ್ದೂ ಅರ್ಜಿ ಕೊಡದವರ ಮಾತು. ಇವರನ್ನು ಪೆದ್ದರೆಂದು ಕರೆಯುವ ಮೊದಲು ಇವರ ಲೆಕ್ಕಾಚಾರವನ್ನು ಒಮ್ಮೆ ನೋಡಬೇಕು. ಧಣಿ ಬರೀ ಗೇಣಿ ವಸೂಲು ಮಾಡುವವನಾಗಿರಲಿಲ್ಲ. ಮಳೆಗಾಲದಲ್ಲಿ ಅಕ್ಕಿ ಮುಗಿದರೆ ಮುಡಿ ಅಕ್ಕಿ ಸಾಲ ಸಿಗುತ್ತಿದ್ದದ್ದು ಅವನ ಮನೆಯಿಂದ. ಮಗಳ ಮದುವೆಗೆ ಹಣ, ಬಿತ್ತನೆಗೆ ಬೀಜ, ಗದ್ದೆ ಉಳಲು ಕೋಣ, ಪೊಲೀಸು ಕಚೇರಿಯ ರಗಳೆಗೆ ಶಿಫಾರಸು, ಎಲ್ಲಕ್ಕೂ ಒಂದೇ ಬಾಗಿಲು. ದಕ್ಷಿಣ ಕನ್ನಡದಲ್ಲಿ ಚಾಲಗೇಣಿಯ, ಅಂದರೆ ಧಣಿ ಬೇಕೆಂದಾಗ ಎಬ್ಬಿಸಬಹುದಾದ, ಒಕ್ಕಲು ವಾಸವಿದ್ದ ಮನೆಯೂ ಅನೇಕ ವೇಳೆ ಧಣಿಯ ನೆಲದ ಮೇಲೆಯೇ ಇತ್ತು. ಊರಿನ ದೈವದ ನೇಮದಲ್ಲಿ ಮೊದಲ ಪ್ರಸಾದ ಹೋಗುತ್ತಿದ್ದದ್ದು ಧಣಿಯ ಗುತ್ತಿನ ಮನೆಗೇ. ಇಂಥವನ ವಿರುದ್ಧ ಅರ್ಜಿ ಕೊಡುವುದೆಂದರೆ ಸಾಲ, ಸಹಾಯ, ನೆರೆಹೊರೆ, ದೇವರು ಎಲ್ಲವನ್ನೂ ಒಂದೇ ಏಟಿಗೆ ಪಣಕ್ಕಿಡುವುದು. ಎದುರಿಗೆ ಇರುವುದೇನು? ಒಂದು ಹೊಸ ಕಾನೂನು. ಅದು ನಿಲ್ಲುತ್ತದೋ, ಹೈಕೋರ್ಟಿನಲ್ಲಿ ಬಿದ್ದುಹೋಗುತ್ತದೋ, ಮುಂದಿನ ಸರ್ಕಾರ ಉಲ್ಟಾ ಮಾಡುತ್ತದೋ ಯಾರಿಗೆ ಗೊತ್ತು? 1961ರ ಕಾಯ್ದೆ ಕಾಗದದ ಮೇಲೆಯೇ ಉಳಿದದ್ದನ್ನು ಕಂಡಿದ್ದ ಗೇಣಿದಾರ 1974ರದ್ದೂ ಹಾಗೆಯೇ ಎಂದುಕೊಂಡಿದ್ದರೆ ಅದು ಮೂರ್ಖತನವಲ್ಲ, ಅನುಭವ. ಕಾನೂನು ನಿಂತಿತು, ನೆಲದ ಬೆಲೆಯನ್ನೂ ಕಂತಿನಲ್ಲಿ ತೀರಿಸಬಹುದಾಯಿತು ಎಂಬುದು ನಮಗೆ ಇಂದು ಗೊತ್ತಿದೆ. ಆಗಿಹೋದದ್ದನ್ನು ತಿಳಿದುಕೊಂಡು ಹಿಂದಿನವರ ಬುದ್ಧಿಯನ್ನು ಅಳೆಯುವುದು ಸುಲಭದ ಕೆಲಸ.

ಹಾಗಾದರೆ ಹಿಡಿದವರು ಹೇಗೆ ಹಿಡಿದರು? ಉತ್ತರ ನಕ್ಷೆಯಲ್ಲೇ ಅಡಗಿದೆ. ಕಾಯ್ದೆ ಹೆಚ್ಚು ಫಲ ಕೊಟ್ಟದ್ದು ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದ ಮಲೆನಾಡಿನಲ್ಲಿ. ಅಲ್ಲಿ ಗೇಣಿ ಪದ್ಧತಿ ವ್ಯಾಪಕವಾಗಿತ್ತು ಎಂಬುದು ಒಂದು ಕಾರಣ, ಅದನ್ನು ಅಲ್ಲಗಳೆಯಲಾಗದು. ಇನ್ನೊಂದು ಕಾರಣ ಅಷ್ಟೇ ತೂಕದ್ದು: ಅಲ್ಲಿನ ಗೇಣಿದಾರರು 1974ಕ್ಕೆ ಮೊದಲೇ ಒಟ್ಟಾಗಿ ನಿಲ್ಲುವುದನ್ನು ಕಲಿತಿದ್ದರು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರದ ತಕರಾರು ಸತ್ಯಾಗ್ರಹವಾಗಿ ಬೆಳೆಯಿತು. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದ್ದರು. ಶಾಂತವೇರಿ ಗೋಪಾಲಗೌಡ ಮತ್ತು ಸಮಾಜವಾದಿಗಳು ಜೊತೆಗೂಡಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ವರ್ಷ ಗೇಣಿದಾರರು ಗೆದ್ದರೇ ಎಂದರೆ ಇಲ್ಲ. ಜೈಲು ಕಂಡರು, ಜಮೀನಿನಿಂದ ಹೊರಬಿದ್ದರು. ಆದರೆ ಧಣಿಯ ಎದುರು ತಲೆಯೆತ್ತಿ ಮಾತಾಡಿದರೆ ಆಕಾಶ ಕಳಚಿ ಬೀಳುವುದಿಲ್ಲ ಎಂಬುದು ಆ ಸೀಮೆಗೆ ಗೊತ್ತಾಯಿತು. ಕರಾವಳಿಯಲ್ಲಿ ಎಡಪಕ್ಷಗಳ ರೈತ ಸಂಘಟನೆಗಳು ಇದೇ ಕೆಲಸ ಮಾಡಿದವು. ಇಪ್ಪತ್ತಮೂರು ವರ್ಷದ ನಂತರ ನಮೂನೆ 7 ಬಂದಾಗ ಇಂಥ ಕಡೆಗಳಲ್ಲಿ ಅದನ್ನು ತುಂಬಿಕೊಡಲು ಕಾರ್ಯಕರ್ತನಿದ್ದ, ಸಾಕ್ಷಿ ಹೇಳಲು ನೆರೆಯವನಿದ್ದ. ಮೈಸೂರು ಸೀಮೆಯ ಬಯಲು ತಾಲ್ಲೂಕುಗಳಲ್ಲಿ ವಾರಕ್ಕೆ, ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಮಾಡುತ್ತಿದ್ದವರ ಕರಾರು ಬಹುಪಾಲು ಬಾಯಿಮಾತಿನದು; ರಸೀದಿ ಇಲ್ಲ, ಪಹಣಿಯಲ್ಲಿ ಹೆಸರಿಲ್ಲ, ಸಂಘವೂ ಇಲ್ಲ. ಅದೇ ಕಾಯ್ದೆ, ಅದೇ ಗಡುವು. ಬಯಲಿನವರು ಸ್ವಭಾವತಃ ಅಂಜುಬುರುಕರೆಂದು ಯಾರೂ ಹೇಳಲಾರರು.

ಇಲ್ಲೊಂದು ಆಕ್ಷೇಪಣೆ ಏಳುತ್ತದೆ, ಅದು ಗಟ್ಟಿಯಾದದ್ದೇ. ಒಂದೇ ಊರಿನಲ್ಲಿ, ಒಂದೇ ಧಣಿಯ ಇಬ್ಬರು ಒಕ್ಕಲುಗಳಲ್ಲಿ ಒಬ್ಬ ಅರ್ಜಿ ಕೊಟ್ಟ, ಇನ್ನೊಬ್ಬ ಕೊಡಲಿಲ್ಲ. ಪರಿಸ್ಥಿತಿಯೇ ಎಲ್ಲ ಎನ್ನುವುದಾದರೆ ಇದನ್ನು ಹೇಗೆ ವಿವರಿಸುತ್ತೀರಿ? ವಿವರಿಸಲಾಗದ ಒಂದಂಶ ಉಳಿಯುತ್ತದೆ, ಒಪ್ಪುತ್ತೇನೆ. ಎದೆಗಾರಿಕೆ ಎಂಬುದು ಇದೆ, ಅದು ಸಮನಾಗಿ ಹಂಚಿಕೆಯಾಗಿಲ್ಲ. ಆದರೆ ಅದೇ ಊರಿನಲ್ಲಿ ಎರಡನೆಯವನೂ ಮೂರನೆಯವನೂ ಅರ್ಜಿ ಕೊಡಲು ಎಷ್ಟು ಎದೆಗಾರಿಕೆ ಬೇಕಿತ್ತು, ಮೊದಲನೆಯವನಿಗೆ ಎಷ್ಟು ಬೇಕಿತ್ತು ಎಂದು ಕೇಳಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ಹತ್ತು ಮನೆಯವರು ಒಟ್ಟಿಗೆ ಡಿಕ್ಲರೇಷನ್ ಕೊಟ್ಟ ಕಡೆ ಧಣಿ ಹತ್ತು ಮನೆಯ ಮೇಲೂ ಮುನಿಯಲಾರ. ಒಬ್ಬನೇ ಕೊಟ್ಟ ಕಡೆ ಒಬ್ಬನ ಮೇಲೆ ಪೂರ್ತಿ ಮುನಿಯಬಲ್ಲ. ಒಂದು ನೀತಿ ಯಶಸ್ವಿಯಾಗಬೇಕಾದರೆ ಜನರೆಲ್ಲ ವೀರರಾಗಿರಬೇಕು ಎನ್ನುವುದಾದರೆ ದೋಷ ಜನರಲ್ಲಿರುವುದಕ್ಕಿಂತ ನೀತಿಯಲ್ಲೇ ಹೆಚ್ಚಿರಬೇಕು.

ಬೇರೆ ರಾಜ್ಯಗಳನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಪಶ್ಚಿಮ ಬಂಗಾಳದಲ್ಲಿ 1978ರಲ್ಲಿ ‘ಆಪರೇಷನ್ ಬರ್ಗಾ’ ಶುರುವಾದಾಗ ಅಧಿಕಾರಿಗಳೇ ಹಳ್ಳಿಗೆ ಹೋದರು. ಕೆಲಸ ಮುಗಿಸಿ ಬರುವ ಸಂಜೆ ಹೊತ್ತಿನಲ್ಲಿ ಶಿಬಿರ ಕೂಡಿಸಿ, ಪಾಲಿಗೆ ಮಾಡುವವರನ್ನು ಗುಂಪಾಗಿ ಕೂರಿಸಿ, ಯಾರು ಯಾವ ಹೊಲ ಮಾಡುತ್ತಾರೆಂದು ಎಲ್ಲರೆದುರು ಹೇಳಿಸಿ ಬರೆದುಕೊಂಡರು. ಬಂಗಾಳ ಕೊಟ್ಟದ್ದು ಕರ್ನಾಟಕಕ್ಕಿಂತ ಕಡಿಮೆ, ಒಡೆತನವಲ್ಲ, ಬರೀ ಸಾಗುವಳಿಯ ಭದ್ರತೆ ಮತ್ತು ಪಾಲಿನ ಖಾತ್ರಿ. ಆದರೂ ಹತ್ತು ಲಕ್ಷವನ್ನು ಮೀರಿ ಪಾಲುದಾರರ ಹೆಸರು ದಾಖಲಾಯಿತು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ರದ್ದಾದ ಮೇಲೆ ಕೂಲಿಕಾರರ ಸಂಘಟನೆಗಳೇ ಮುಂದೆ ನಿಂತು ಗುಡಿಸಲಿನ ಜಾಗವನ್ನು ಬೇಲಿ ಹಾಕಿ ಹಿಡಿದವು. ನಮ್ಮಲ್ಲಿ ಅರ್ಜಿದಾರ ಕಚೇರಿಗೆ ಬರಬೇಕಿತ್ತು. ಹಾಗೆಂದು ಅರಸು ಸರ್ಕಾರ ಕೈಕಟ್ಟಿ ಕೂತಿರಲಿಲ್ಲ ಎನ್ನುವುದನ್ನೂ ಹೇಳಬೇಕು. ನ್ಯಾಯಮಂಡಳಿಯಲ್ಲಿ ಉಪವಿಭಾಗಾಧಿಕಾರಿಯ ಜೊತೆ ನಾಲ್ವರು ಅಧಿಕಾರೇತರ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಆರಂಭದಲ್ಲಿ ವಕೀಲರಿಗೆ ಪ್ರವೇಶವೇ ಇಲ್ಲ. ಕಟಕಟೆಯ ಭಾಷೆ ಬಾರದ ಒಕ್ಕಲು ತನ್ನ ಮಾತಿನಲ್ಲೇ ಹೇಳಿಕೊಳ್ಳಲಿ ಎಂಬ ಈ ಏರ್ಪಾಡು ನನ್ನ ಮಟ್ಟಿಗೆ ಆ ಕಾಯ್ದೆಯ ಅತಿ ಜಾಣ ಭಾಗ.

ಸಿಕ್ಕಿದ ಮೇಲೆ ಏನು ಮಾಡಿದರು ಎಂಬುದು ಇನ್ನೊಂದು ಪ್ರಶ್ನೆ. ಅನಾಯಾಸ ಸಿಕ್ಕಿದ್ದು ಕೈಯಲ್ಲಿ ನಿಲ್ಲುವುದಿಲ್ಲ ಎನ್ನುವವರು ಅಮೆರಿಕದ ಜಾರ್ಜಿಯಾದ ಉದಾಹರಣೆ ಕೊಡಬಹುದು. 1832ರಲ್ಲಿ ಅಲ್ಲಿ ಚೆರೋಕಿ ಮೂಲನಿವಾಸಿಗಳ ನೆಲವನ್ನು 160 ಎಕರೆಯ ತುಂಡುಗಳಾಗಿ ಕತ್ತರಿಸಿ ಬಿಳಿಯರಿಗೆ ಲಾಟರಿ ಎತ್ತಿ ಹಂಚಿದರು. ಗೆದ್ದವರ ಮಕ್ಕಳು, ಮೊಮ್ಮಕ್ಕಳು ಸೋತವರ ಮಕ್ಕಳಿಗಿಂತ ಓದಿನಲ್ಲಾಗಲಿ ಸಂಪತ್ತಿನಲ್ಲಾಗಲಿ ಮೇಲೇರಲಿಲ್ಲ ಎಂದು ಅರ್ಥಶಾಸ್ತ್ರಜ್ಞರಾದ ಬ್ಲೀಕ್ಲಿ ಮತ್ತು ಫೆರಿ ಜನಗಣತಿ ದಾಖಲೆ ಹಿಡಿದು ತೋರಿಸಿದ್ದಾರೆ. ಆದರೆ ಅದು ಚೀಟಿಯಲ್ಲಿ ಬಂದ, ಎಲ್ಲೋ ಇದ್ದ, ಒಮ್ಮೆಯೂ ಉತ್ತಿರದ ನೆಲ. ಕರಾವಳಿಯ ಒಕ್ಕಲಿಗೆ ಬಂದದ್ದು ಅವನೇ ಉತ್ತು ಹದ ಮಾಡಿದ್ದ ನೆಲ. ಬದಲಾದದ್ದು ಅವನ ನಾಳೆಯ ಮೇಲಿನ ಹಕ್ಕು. ಅಡಕೆ ಗಿಡ ಫಲಕ್ಕೆ ಬರಲು ಐದಾರು ವರ್ಷ ಬೇಕು. ಮುಂದಿನ ವರ್ಷ ಎಬ್ಬಿಸಬಹುದಾದ ಚಾಲಗೇಣಿಯವನು ಅದನ್ನು ನೆಡುವುದು ಹೇಗೆ? ಒಡೆಯನಾದ ಮೇಲೆ ನೆಟ್ಟ. ನೆಡುವುದಕ್ಕೆ ಬೇಕಾದ ಹಣವೂ ಧಣಿಯ ಮನೆಯಲ್ಲಿ ಮಾತ್ರ ಸಿಗುವ ಕಾಲ ಮುಗಿದಿತ್ತು. ಕೆನರಾ, ಸಿಂಡಿಕೇಟ್ ಬ್ಯಾಂಕುಗಳು ಹುಟ್ಟಿದ ಜಿಲ್ಲೆ ಆಗಿನ ದಕ್ಷಿಣ ಕನ್ನಡ, 1969ರಲ್ಲಿ ಅವು ರಾಷ್ಟ್ರೀಕರಣವಾಗಿದ್ದವು. ಸಹಕಾರಿ ಸಂಘಗಳು ಊರೂರಿನಲ್ಲಿದ್ದವು. ಅಡಕೆ ಕೊಳ್ಳಲು ಕ್ಯಾಂಪ್ಕೊ 1973ರಲ್ಲೇ ಮಂಗಳೂರಿನಲ್ಲಿ ಆರಂಭವಾಗಿತ್ತು. ಕಾಯ್ದೆ ಕೂಡ ಸಿಕ್ಕಿದ ಜಮೀನನ್ನು ಗೊತ್ತಾದ ಅವಧಿಯವರೆಗೆ ಮಾರುವಂತಿಲ್ಲ ಎಂದಿತು, ಆದರೆ ಬ್ಯಾಂಕು, ಸಹಕಾರಿ ಸಂಘಗಳಿಗೆ ಅಡವಿಟ್ಟು ಸಾಲ ಪಡೆಯಲು ಬಿಟ್ಟಿತು. ಅವಸರಕ್ಕೆ ಮಾರಿ ಕೈತೊಳೆದುಕೊಳ್ಳುವ ದಾರಿಯನ್ನು ಮುಚ್ಚಿ, ಬೆಳೆಸುವ ದಾರಿಯನ್ನು ತೆರೆದಿಟ್ಟ ಈ ನಿಯಮಕ್ಕೆ ಸಿಗಬೇಕಾದ ಶ್ರೇಯಸ್ಸು ಸಿಕ್ಕಿಲ್ಲ. ಎಲ್ಲವೂ ಚೆನ್ನಾಗಿಯೇ ಆಯಿತು ಎನ್ನುತ್ತಿಲ್ಲ. ಅರ್ಜಿ ಮನೆಯ ಯಜಮಾನನ ಹೆಸರಿನಲ್ಲಿ ಹೋದದ್ದರಿಂದ ಅಣ್ಣತಮ್ಮಂದಿರ, ಅಕ್ಕತಂಗಿಯರ ಪಾಲಿನ ದಾವೆಗಳು ಎರಡು ತಲೆಮಾರು ಕಳೆದರೂ ನಡೆಯುತ್ತಿವೆ.

ಈ ಅವಕಾಶದ ಪಟ್ಟಿಯಲ್ಲೇ ಇಲ್ಲದವರು ಬೇರೆ ಇದ್ದಾರೆ. ಗೇಣಿದಾರನ ಗದ್ದೆಯಲ್ಲಿ ನಾಟಿ ಮಾಡಿದ, ಕೊಯ್ದ ಕೂಲಿಯವರು ಹೆಚ್ಚಾಗಿ ದಲಿತರು. ಅವರಿಗೆ ವಾಸದ ಮನೆಯ ಅಡಿಯ ಜಾಗ ಬಿಟ್ಟರೆ ಕಾಯ್ದೆ ಕೊಟ್ಟದ್ದು ಅತ್ಯಲ್ಪ. ಇನ್ನೊಂದು ತುದಿಯಲ್ಲಿ, ಗಂಡ ಸತ್ತ ಮೇಲೆ ಇದ್ದ ಒಂದೆರಡು ಎಕರೆಯನ್ನು ಗೇಣಿಗೆ ಕೊಟ್ಟು ಅದರಿಂದಲೇ ಬದುಕುತ್ತಿದ್ದ ವಿಧವೆಯರೂ ದೊಡ್ಡ ಧಣಿಗಳ ಸಾಲಿನಲ್ಲೇ ನೆಲ ಕಳೆದುಕೊಂಡರು. ಆ ದುಃಖ ನಿಜವಾದದ್ದು, ಅದನ್ನು ಮುಂದಿಟ್ಟುಕೊಂಡು ಇಡೀ ಸುಧಾರಣೆಯನ್ನು ಹಳಿಯುವುದು ಮಾತ್ರ ದೊಡ್ಡ ಜಮೀನ್ದಾರರಿಗೆ ಬಹಳ ಅನುಕೂಲವಾದ ವಾದವಾಗಿತ್ತು.

ಗಡುವು ತಪ್ಪಿಸಿಕೊಂಡವರು ಕೆಲವೇ ಸೋಮಾರಿಗಳಲ್ಲ ಎಂಬುದಕ್ಕೆ ಸರ್ಕಾರದ್ದೇ ಸಾಕ್ಷ್ಯವಿದೆ. 1998ರಲ್ಲಿ ಕಾಯ್ದೆಗೆ 77ಎ ಕಲಂ ಸೇರಿಸಿ, 1979ರೊಳಗೆ ಅರ್ಜಿ ಕೊಡಲಾಗದೆ ಇನ್ನೂ ಸಾಗುವಳಿಯಲ್ಲೇ ಉಳಿದಿದ್ದ ಸಣ್ಣ ಗೇಣಿದಾರರಿಗೆ ನಮೂನೆ 7ಎ ಮೂಲಕ ಇನ್ನೊಂದು ಅವಕಾಶ ಕೊಡಬೇಕಾಯಿತು. ಹತ್ತೊಂಬತ್ತು ವರ್ಷದ ಮೇಲೂ ಇದನ್ನು ತೆರೆಯಬೇಕಾಗಿ ಬಂತೆಂದರೆ, ಮೊದಲ ಸಲದ ಗಡುವು ಯಾರ ಅನುಕೂಲಕ್ಕೆ ಇತ್ತು ಎಂದು ಕೇಳಲೇಬೇಕು. ಅದೇ ಪ್ರಶ್ನೆ ಇಂದು ಅರಣ್ಯದ ಅಂಚಿನಲ್ಲಿ ನಿಂತಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನೆಚ್ಚಿ ಬದುಕಿದ್ದಾರೆಂದು ತೋರಿಸಬೇಕು. ಕರ್ನಾಟಕದಲ್ಲಿ ಸಲ್ಲಿಕೆಯಾದ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾಗಿವೆ. ತಿರಸ್ಕೃತರನ್ನು ತೆರವುಗೊಳಿಸಬೇಕೆಂದು 2019ರ ಫೆಬ್ರುವರಿ 13ರಂದು ಆದೇಶಿಸಿದ್ದ ಸುಪ್ರೀಂ ಕೋರ್ಟ್ ಅದೇ ತಿಂಗಳ 28ರಂದು ಆದೇಶವನ್ನು ತಡೆಹಿಡಿಯಿತು. ಬರಹದ ದಾಖಲೆ ಇಲ್ಲದಿದ್ದರೆ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೂ ಅದು ಪುರಾವೆಯೇ ಎಂದು ಆ ಕಾಯ್ದೆಯ ನಿಯಮಗಳು ಹೇಳುತ್ತವೆ. ಹೇಳಬೇಕಾದದ್ದು 1930ರ ಸಂಗತಿ. ಆಗ ಹತ್ತು ವರ್ಷದವರಾಗಿದ್ದವರು ಬದುಕಿದ್ದರೆ ಈಗ ನೂರು ದಾಟಿರುತ್ತಾರೆ.