ಅಕ್ಷರ ಒಂದೆರಡು, ಅರ್ಥ ಅಜಗಜಾಂತರ

ಕೆಲವು ವರ್ಷಗಳ ಹಿಂದಿನ ಮಾತು. ಕಿರುಪರೀಕ್ಷೆಯ ಉತ್ತರಪತ್ರಿಕೆ ಹಿಡಿದುಕೊಂಡು ವಿದ್ಯಾರ್ಥಿಯೊಬ್ಬನ ತಂದೆ ಶಾಲೆಗೆ ಬಂದರು. ರಕ್ತದಲ್ಲಿ ಸಕ್ಕರೆ ಕುಸಿಯುವ ಸ್ಥಿತಿಗೆ ಏನೆನ್ನುತ್ತಾರೆ ಎಂಬ ಪ್ರಶ್ನೆಗೆ ಹುಡುಗ ‘ಹೈಪೊಗ್ಲೈಸೀಮಿಯ’ ಎನ್ನುವ ಬದಲು ‘ಹೈಪರ್‌ಗ್ಲೈಸೀಮಿಯ’ ಎಂದು ಬರೆದಿದ್ದ.

“ಒಂದೆರಡು ಅಕ್ಷರಕ್ಕೆ ಎರಡು ಅಂಕ ಕಳೆಯೋದಾ ಸಾರ್?” ಎಂದರು.

“ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ?” ಎಂದು ಕೇಳಿದೆ.

“ನಮ್ಮ ತಾಯಿಗಿದೆ. ದಿನಾ ಇನ್ಸುಲಿನ್ ತಗೋತಾರೆ.”

“ಹಾಗಾದರೆ ಕೂತ್ಕೊಳ್ಳಿ” ಎಂದೆ.

ಗ್ರೀಕ್ ಮೂಲದ ‘ಹೈಪರ್’ ಎಂದರೆ ಮೇಲೆ, ಹೆಚ್ಚು. ‘ಹೈಪೊ’ ಎಂದರೆ ಕೆಳಗೆ, ಕಡಿಮೆ. 100 ಮಿಲಿಲೀಟರ್ ರಕ್ತದಲ್ಲಿ ಗ್ಲೂಕೋಸ್ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದು ‘ಹೈಪೊ’. ಬೆವರು, ನಡುಕ, ಹಸಿವು, ಮಂಕು ಅದರ ಲಕ್ಷಣಗಳು. ಎಚ್ಚರವಿರುವ ರೋಗಿಗೆ ಆಗ ತಕ್ಷಣ ಸಕ್ಕರೆ ಅಥವಾ ಗ್ಲೂಕೋಸ್ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ‘ಹೈಪರ್’ ಆದರೆ ರಕ್ತದಲ್ಲಿ ಆಗಲೇ ಸಕ್ಕರೆ ಅತಿಯಾಗಿದೆ ಎಂದರ್ಥ. ವೈದ್ಯರ ಚೀಟಿಯಲ್ಲಿ ಈ ಎರಡರಲ್ಲಿ ಒಂದನ್ನು ಇನ್ನೊಂದಾಗಿ ಓದಿದರೆ ಉಪಚಾರವೇ ತಲೆಕೆಳಗು! ಥೈರಾಯ್ಡ್ ತೊಂದರೆಯಲ್ಲೂ ಇದೇ ಜೋಡಿ ಬರುತ್ತದೆ.

ರಸಾಯನಶಾಸ್ತ್ರದಲ್ಲಿ ಇಂಥ ಅವಳಿಗಳು ಇನ್ನೂ ಹೆಚ್ಚು. ಸೋಡಿಯಂ ಕ್ಲೋರೈಡ್ ನಾವು ದಿನವೂ ತಿನ್ನುವ ಉಪ್ಪು. ಸೋಡಿಯಂ ಕ್ಲೋರೇಟ್ ಕಳೆ ಸಾಯಿಸಲು ಬಳಸುವ ವಿಷ. ಹೆಸರಿನ ಬಾಲದಲ್ಲಷ್ಟೇ ವ್ಯತ್ಯಾಸ. ಆ ಬಾಲಕ್ಕೊಂದು ಲೆಕ್ಕವಿದೆ. ಸಲ್ಫೈಡ್‌ನಲ್ಲಿ ಆಮ್ಲಜನಕವೇ ಇಲ್ಲ, ಸಲ್ಫೈಟ್‌ನಲ್ಲಿ 3 ಪರಮಾಣು, ಸಲ್ಫೇಟ್‌ನಲ್ಲಿ 4. ‘ಐಟ್’ಗಿಂತ ‘ಏಟ್’ಗೆ ಆಮ್ಲಜನಕ ಹೆಚ್ಚು ಎಂಬುದನ್ನು ತಿಳಿದರೆ ನೈಟ್ರೈಟ್, ನೈಟ್ರೇಟ್‌ಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಇನ್ನು ಕೆಲವು ಪದಗಳು ವಿರುದ್ಧಾರ್ಥದಂತೆ ಕಂಡರೂ ಅರ್ಥ ಒಂದೇ. ಪೆಟ್ರೋಲ್ ಟ್ಯಾಂಕರ್‌ಗಳ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುವುದನ್ನು ನೋಡಿದ್ದೀರಲ್ಲವೇ? ‘ಕರೆಕ್ಟ್’ಗೆ ‘ಇನ್‌ಕರೆಕ್ಟ್’ ವಿರುದ್ಧವಾದಂತೆ, ‘ಫ್ಲೇಮಬಲ್’ಗೆ ‘ಇನ್‌ಫ್ಲೇಮಬಲ್’ ವಿರುದ್ಧವಿರಬೇಕು, ಅಂದರೆ ಬೆಂಕಿ ಹತ್ತದ್ದು ಎಂದು ಮಕ್ಕಳು ಊಹಿಸುತ್ತಾರೆ. ಆದರೆ ಎರಡಕ್ಕೂ ಅರ್ಥ ‘ಸುಲಭವಾಗಿ ಹೊತ್ತಿಕೊಳ್ಳುವಂಥದು’ ಎಂದೇ. ಇಲ್ಲಿರುವುದು ನಿಷೇಧಾರ್ಥದ ‘ಇನ್’ ಅಲ್ಲ. ‘ಹೊತ್ತಿಸು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದಲೇ ಅದು ಬಂದಿದೆ. ಈ ಗೊಂದಲ ಇಂಗ್ಲಿಷ್ ಮಾತೃಭಾಷೆಯವರನ್ನೂ ಬಿಟ್ಟಿಲ್ಲ. ಅದಕ್ಕೇ 1920ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಅಗ್ನಿಸುರಕ್ಷಾ ಸಂಘ ‘ಫ್ಲೇಮಬಲ್’ ಎಂದೇ ಬಳಸಿ ಎಂದು ಒತ್ತಾಯಿಸಿತು. ಬೆಂಕಿ ಹತ್ತದ ವಸ್ತುವಿಗೆ ‘ನಾನ್‌ಫ್ಲೇಮಬಲ್’ ಎಂಬ ಪದವಿದೆ.

ವಿದ್ಯಾರ್ಥಿಗಳೇ, ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಎಡಗಡೆ ಒಂದು ಪದ, ಬಲಗಡೆ ಅದರ ಅವಳಿ, ಕೆಳಗೆ ಎರಡಕ್ಕೂ ಕನ್ನಡದಲ್ಲಿ ಅರ್ಥ ಮತ್ತು ಒಂದೊಂದು ಉದಾಹರಣೆ ಬರೆಯಿರಿ. ಸ್ಪೆಲಿಂಗ್ ಮರೆತರೂ ಅರ್ಥ ಕೈಹಿಡಿಯುತ್ತದೆ. ಪಾಲಕರೇ, ನಿಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. “ಇದಕ್ಕೆ ಕನ್ನಡದಲ್ಲಿ ಏನು ಹೇಳ್ತೀಯಪ್ಪಾ?” ಎಂದು ಕೇಳಿ. ಮಗು ತಡವರಿಸಿದರೆ ಪಾಠ ಇನ್ನೂ ತಲೆಗೆ ಹೋಗಿಲ್ಲವೆಂದೇ ತಿಳಿಯಿರಿ.

ಅಂದು ಬಂದ ತಂದೆ ಮತ್ತೆ ಅಂಕದ ಮಾತೆತ್ತಲಿಲ್ಲ. ಉತ್ತರಪತ್ರಿಕೆ ಮಡಚಿ ಜೇಬಿಗಿಟ್ಟುಕೊಂಡು, “ಇದನ್ನ ನನ್ನ ಹೆಂಡತಿಗೂ ಹೇಳಬೇಕು ಸಾರ್. ಹಗಲು ಹೊತ್ತು ಅಮ್ಮನ ಜೊತೆ ಇರೋದು ಅವಳೊಬ್ಬಳೇ” ಎನ್ನುತ್ತ ಎದ್ದರು.