ಹಳೆಯ ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ

ಕಳೆದ ಬೇಸಗೆಯಲ್ಲಿ, ಜಗಳೂರು ತಾಲ್ಲೂಕಿನ ಸೊಕ್ಕೆಯವನಾದ ನನ್ನ ವಿದ್ಯಾರ್ಥಿಯೊಬ್ಬನು ಬಟ್ಟೆಯ ಚೀಲದಲ್ಲಿ ಒಂದು ಲ್ಯಾಪ್‌ಟಾಪನ್ನೂ ಎರಡು ಬ್ಯಾಟರಿಗಳನ್ನೂ ಇಟ್ಟುಕೊಂಡು ನಮ್ಮ ಪ್ರಯೋಗಶಾಲೆಗೆ ಬಂದನು. ಯಂತ್ರವು ಅವನ ಅಣ್ಣ ಯಾರಿಂದಲೋ ಕೊಂಡದ್ದು. ಹತ್ತು ವರ್ಷದ ಹಳತು. "ವೈರು ಕಿತ್ತರೆ ಸಾಕು ಸರ್, ಆ ಕ್ಷಣವೇ ನಿಂತುಹೋಗುತ್ತೆ" ಎಂದನು. ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುತ್ತಿರುವಾಗ ಕರೆಂಟು ಹೋಗಿ, ಎರಡು ಸಲ ಅರ್ಜಿ ಅರ್ಧಕ್ಕೇ ನಿಂತಿತ್ತು. ತಂದೆಯು ಮೆಕ್ಕೆಜೋಳ ಮಾರಿದ ಹಣದಲ್ಲಿ 1,100 ರೂಪಾಯಿ ಕೊಟ್ಟು ಹೊಸ ಬ್ಯಾಟರಿಯೊಂದನ್ನು ತರಿಸಿದ್ದರು. ಮೂರು ತಿಂಗಳಲ್ಲಿ ಅದೂ ಕೈಕೊಟ್ಟಿತು. ಕೊನೆಯ ದಿನಾಂಕಕ್ಕೆ ಇನ್ನು ಹನ್ನೆರಡು ದಿನಗಳಿದ್ದವು.

ಯಂತ್ರವನ್ನೇ ಎಸೆದುಬಿಡು ಎಂದು ಹೇಳುವವರಿಗೆ ಕೊರತೆಯಿಲ್ಲ. ಆದರೆ ಪರದೆ, ಕೀಲಿಮಣೆ, ಸ್ಮೃತಿಕೋಶ ಎಲ್ಲವೂ ಸರಿಯಾಗಿರುವ ಯಂತ್ರವನ್ನು ಬ್ಯಾಟರಿಯೊಂದಕ್ಕಾಗಿ ತ್ಯಜಿಸುವುದು, ಟೈರು ಸವೆಯಿತೆಂದು ಬಂಡಿಯನ್ನೇ ಸುಟ್ಟಂತೆ. 2020ರಲ್ಲಿ ಸರ್ಕಾರವು ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪುಗಳನ್ನು ಹಂಚಿತಷ್ಟೆ. ಆ ಯಂತ್ರಗಳಿಗೂ ಈಗ ಇದೇ ವಯಸ್ಸು ಬರುತ್ತಿದೆ.

ಬ್ಯಾಟರಿಯ ಪೆಟ್ಟಿಗೆಯೊಳಗೆ ಏನಿದೆಯೆಂಬುದನ್ನು ಮೊದಲು ನೋಡೋಣ. ನಮ್ಮ ಹುಡುಗನ ಯಂತ್ರದ ಬ್ಯಾಟರಿಯಲ್ಲಿದ್ದುದು ಟಾರ್ಚಿನ ಸೆಲ್ಲನ್ನು ಹೋಲುವ ನಾಲ್ಕು ಲೋಹದ ಕೊಳವೆಗಳು. ಒಂದೊಂದರ ವ್ಯಾಸ 18 ಮಿಲಿಮೀಟರು, ಉದ್ದ 65 ಮಿಲಿಮೀಟರು. ಆದುದರಿಂದಲೇ ಅದಕ್ಕೆ 18650 ಎಂಬ ವಿಚಿತ್ರವಾದ ಹೆಸರು. ಒಳಗೆ ಒಂದು ಕಡೆ ಗ್ರಾಫೈಟ್ ಲೇಪಿಸಿದ ತಾಮ್ರದ ಹಾಳೆ, ಇನ್ನೊಂದು ಕಡೆ ಕೋಬಾಲ್ಟ್ ಮೊದಲಾದ ಲೋಹಗಳ ಆಕ್ಸೈಡನ್ನು ಲೇಪಿಸಿದ ಅಲ್ಯೂಮಿನಿಯಮ್ ಹಾಳೆ, ನಡುವೆ ಸೂಕ್ಷ್ಮರಂಧ್ರಗಳುಳ್ಳ ತೆಳುವಾದ ಪೊರೆ. ಇವೆಲ್ಲವೂ ಚಾಪೆಯಂತೆ ಸುರುಳಿಸುತ್ತಿ ದ್ರವವೊಂದರಲ್ಲಿ ನೆನೆದಿರುತ್ತವೆ. ಬ್ಯಾಟರಿಯನ್ನು ತುಂಬುವಾಗ ಲಿಥಿಯಮ್ ಅಯಾನುಗಳು ಆಕ್ಸೈಡನ್ನು ಬಿಟ್ಟು ಗ್ರಾಫೈಟಿನ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಬಳಸುವಾಗ ಮರಳಿ ತವರಿಗೆ ಬರುತ್ತವೆ. ಸೋನಿ ಸಂಸ್ಥೆಯು 1991ರಲ್ಲಿ ಇಂತಹ ಕೋಶವನ್ನು ಮಾರುಕಟ್ಟೆಗೆ ತಂದಿತು. ಇದಕ್ಕೆ ಅಡಿಗಲ್ಲು ಹಾಕಿದ ವ್ಹಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೊ ಎಂಬ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು.

ಈ ಹೋಗಿಬರುವಿಕೆಯು ನಷ್ಟವಿಲ್ಲದೆ ನಡೆಯುವುದಿಲ್ಲ. ಗ್ರಾಫೈಟಿನ ಮೈಮೇಲೆ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಅದು ದಪ್ಪವಾದಂತೆಲ್ಲ ಒಂದಿಷ್ಟು ಲಿಥಿಯಮ್ಮು ಅದರಲ್ಲಿ ಸೆರೆಸಿಕ್ಕು ನಿರುಪಯೋಗಿಯಾಗುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಬಳಸದೆ ಸುಮ್ಮನೆ ಇಟ್ಟರೂ ಈ ಕ್ರಿಯೆ ನಿಲ್ಲುವುದಿಲ್ಲ. ಶಾಖವು ಅದನ್ನು ತ್ವರೆಗೊಳಿಸುತ್ತದೆ. ಪೂರ್ತಿ ತುಂಬಿದ ಕೋಶವನ್ನು 40 ಡಿಗ್ರಿ ಸೆಲ್ಸಿಯಸಿನಲ್ಲಿ ಒಂದು ವರ್ಷ ಇಟ್ಟರೆ ಅದು ತನ್ನ ಸಾಮರ್ಥ್ಯದ ಸುಮಾರು ಮೂರನೆಯ ಒಂದು ಪಾಲನ್ನು ಕಳೆದುಕೊಳ್ಳಬಹುದು. ಬಯಲುಸೀಮೆಯ ಏಪ್ರಿಲ್ಲಿನಲ್ಲಿ ತಗಡಿನ ಮಾಡಿನ ಕೆಳಗೆ ಅಷ್ಟು ಶಾಖಕ್ಕೇನೂ ಬರವಿಲ್ಲ. ಹೀಗಾಗಿ "ಕಂಪನಿಯದೇ ಅಸಲು ಮಾಲು, ಡಬ್ಬಿಯನ್ನೇ ಒಡೆದಿಲ್ಲ" ಎಂದು ಅಂಗಡಿಯವನು ಹೆಮ್ಮೆಯಿಂದ ತೋರಿಸುವ ಎಂಟು ವರ್ಷದ ಹಿಂದಿನ ಬ್ಯಾಟರಿಯು ಹೊಸದೂ ಹೌದು, ಮುದುಕನೂ ಹೌದು. ತಯಾರಾದ ತಿಂಗಳು ಮತ್ತು ವರ್ಷವನ್ನು ನೋಡದೆ ಕೊಳ್ಳಬಾರದು.

ಇನ್ನು ಹುಡುಗನ ಎರಡನೆಯ ಬ್ಯಾಟರಿ. ಅದರ ಚೀಟಿಯ ಮೇಲೆ 14.8 ವೋಲ್ಟ್, 5,200 ಮಿಲಿಆಂಪಿಯರ್-ಗಂಟೆ ಎಂದಿತ್ತು. ಯಂತ್ರದ ಮೂಲ ಬ್ಯಾಟರಿಯ ಮೇಲೆ 14.8 ವೋಲ್ಟ್, 2,200. ಅದೇ ಅಳತೆಯ ಪೆಟ್ಟಿಗೆಯಲ್ಲಿ ಎರಡು ಪಟ್ಟಿಗಿಂತ ಹೆಚ್ಚು! ಇಲ್ಲಿ ಪಿ.ಯು.ಸಿ.ಯ ಭೌತವಿಜ್ಞಾನವೇ ಸಾಕು. ಒಂದು ಕೋಶದ ವೋಲ್ಟತೆ 3.7, ನಾಲ್ಕನ್ನು ಸರಣಿಯಲ್ಲಿ ಜೋಡಿಸಿದರೆ 14.8. ಸರಣಿ ಜೋಡಣೆಯಲ್ಲಿ ವೋಲ್ಟತೆಗಳು ಕೂಡುತ್ತವೆ, ಆಂಪಿಯರ್-ಗಂಟೆಗಳು ಕೂಡುವುದಿಲ್ಲ. ಆದುದರಿಂದ ಆ ಚೀಟಿ ನಿಜವಾಗಬೇಕಾದರೆ ಒಂದೊಂದು ಕೋಶವೂ 5,200ನ್ನು ಹಿಡಿಯಬೇಕು. ಆದರೆ ಈ ಗಾತ್ರದಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತಮ ಕೋಶವೇ 3,500ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಚೀಟಿಯು ತನ್ನ ಸುಳ್ಳನ್ನು ತಾನೇ ಹೇಳಿಕೊಂಡಿತ್ತು.

ತೂಕವೂ ಒಂದು ಸಾಕ್ಷಿ. ಒಳ್ಳೆಯ ಕೋಶವೊಂದು ಸುಮಾರು 45 ಗ್ರಾಂ ಇರುತ್ತದೆ. ಪ್ರಯೋಗಶಾಲೆಯ ತಕ್ಕಡಿಯಲ್ಲಿ ಸತ್ತ ಮೂಲ ಬ್ಯಾಟರಿಯು 210 ಗ್ರಾಂ ತೂಗಿತು; 5,200ರ ವೀರನು 165 ಗ್ರಾಂ ಮಾತ್ರ. ಹೆಚ್ಚು ಶಕ್ತಿಯನ್ನು ಹಿಡಿಯುತ್ತೇನೆನ್ನುವ ಬ್ಯಾಟರಿಯಲ್ಲಿ ಶಕ್ತಿಯನ್ನು ಹಿಡಿಯುವ ಪದಾರ್ಥವೇ ಕಡಮೆ!

ಯಂತ್ರವನ್ನೇ ಕೇಳಬಾರದೆ ಎಂದು ವಾಚಕರು ಕೇಳಬಹುದು. ಬ್ಯಾಟರಿಯೊಳಗಿನ ಪುಟ್ಟ ಚಿಪ್ಪು ಒಳಬರುವ ಹೊರಹೋಗುವ ವಿದ್ಯುದಂಶವನ್ನು ಎಣಿಸುತ್ತಿರುತ್ತದೆ. ವಿನ್ಯಾಸದ ಸಾಮರ್ಥ್ಯವೆಷ್ಟು, ಈಗ ತುಂಬುವುದೆಷ್ಟು ಎಂಬ ವರದಿಯನ್ನು ವಿಂಡೋಸ್ ಯಂತ್ರಗಳು ಕೊಡುತ್ತವೆ. ಆದರೆ ಚಿಪ್ಪು ತನ್ನಲ್ಲಿ ಬರೆದುದನ್ನು ಒಪ್ಪಿಸುವ ಗುಮಾಸ್ತ. ಬರೆದವನೇ ಸುಳ್ಳು ಬರೆದಿದ್ದರೆ ಅದೇನು ಮಾಡೀತು? ನಾವು ಬೇರೆ ದಾರಿ ಹಿಡಿದೆವು. ಬ್ಯಾಟರಿಯನ್ನು ತೆಗೆದು, ಪರದೆಯ ಬೆಳಕನ್ನು ಒಂದೇ ಮಟ್ಟದಲ್ಲಿರಿಸಿ, ಒಂದು ಚಲನಚಿತ್ರವನ್ನು ಓಡಿಸಿದೆವು. ಗೋಡೆಯ ಸಾಕೆಟ್ಟಿನಲ್ಲಿದ್ದ ಮಾಪಕವು 12 ವ್ಯಾಟ್ ತೋರಿಸಿತು. ಅಡಾಪ್ಟರಿನಲ್ಲಿ ಶಾಖವಾಗಿ ಹೋಗುವುದನ್ನು ಕಳೆದರೆ ಯಂತ್ರದ ಬಳಕೆ ಸುಮಾರು 10 ವ್ಯಾಟ್. ಬಳಿಕ ಅದೇ ಚಿತ್ರವನ್ನು ಬ್ಯಾಟರಿಯ ಮೇಲೆ ಓಡಿಸಿ ಗಡಿಯಾರ ನೋಡುತ್ತ ಕುಳಿತೆವು. 1 ಗಂಟೆ 10 ನಿಮಿಷಕ್ಕೆ ಯಂತ್ರ ನಿಂತಿತು. ಅಂದರೆ ದೊರೆತದ್ದು ಸುಮಾರು 12 ವ್ಯಾಟ್-ಗಂಟೆ. ಚೀಟಿಯ ಲೆಕ್ಕದಂತೆ ದೊರೆಯಬೇಕಾದದ್ದು 77. (ಚಿತ್ರದ ಕಥೆ ಏನಾಯಿತೆಂಬುದು ನಮ್ಮಿಬ್ಬರಿಗೂ ತಿಳಿಯಲಿಲ್ಲ.) ಸಂಕಟವೆಂದರೆ, ಮೂರು ತಿಂಗಳಿಗೇ ಕೈಕೊಟ್ಟ ಈ ಬ್ಯಾಟರಿಯು ದಿನಕ್ಕೊಂದು ಬಗೆ ವರ್ತಿಸುತ್ತಿತ್ತು, ಸೊಕ್ಕೆಯಲ್ಲಿ ಒಮ್ಮೆ 40 ಅಂಶವಿದೆಯೆಂದು ತೋರಿಸುತ್ತಲೇ ಆರಿಹೋಗಿತ್ತಂತೆ.

ಕೋಶಗಳನ್ನಷ್ಟೇ ಬದಲಾಯಿಸೋಣವೆಂದು ಹುಡುಗ ಉತ್ಸಾಹ ತೋರಿದ. ನಾನು ಬೇಡವೆಂದೆ. ಕಾದ ಬೆಸುಗೆಕಡ್ಡಿ ತಾಕಿ ನಡುವಣ ಪೊರೆ ಹಾಳಾದರೆ ಒಳಗೇ ಷಾರ್ಟ್ ಆಗಿ ಬೆಂಕಿ ಹೊತ್ತಿಕೊಳ್ಳಬಹುದು. ಹೆಸರುವಾಸಿಯಾದ ಕಾರ್ಖಾನೆಗಳೂ ಇಲ್ಲಿ ಎಡವಿವೆ. ಸೋನಿ ತಯಾರಿಸಿದ ಕೋಶಗಳ ದೋಷದಿಂದ ಡೆಲ್ ಸಂಸ್ಥೆಯು 2006ರಲ್ಲಿ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ತೆಳುವಾದ ಈಚಿನ ಯಂತ್ರಗಳಲ್ಲಿ ಚೀಲದಂತಹ ಕೋಶಗಳು ಒಳಗೇ ಇರುತ್ತವೆ; ಅವು ಉಬ್ಬಿ ಕೀಲಿಮಣೆ ಮೇಲೆದ್ದರೆ ಆ ಕ್ಷಣವೇ ಬಳಕೆ ನಿಲ್ಲಿಸಬೇಕು, ಚುಚ್ಚಿ ನೋಡಬಾರದು.

ಹೊಸದನ್ನು ಹುಡುಕಲು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಿಗೆ ಹೋದೆ. ಯಂತ್ರದ ಹೆಸರಿಗಿಂತ ಹಳೆಯ ಬ್ಯಾಟರಿಯ ಮೇಲಿನ ಭಾಗಸಂಖ್ಯೆಯೇ ಮುಖ್ಯವಾದುದರಿಂದ ಅದನ್ನೇ ಜೇಬಿನಲ್ಲಿಟ್ಟುಕೊಂಡಿದ್ದೆ. ನಾಲ್ಕನೆಯ ಅಂಗಡಿಯಲ್ಲಿ ಬೇರೆ ತಯಾರಕರ ಬ್ಯಾಟರಿಯೊಂದು ಸಿಕ್ಕಿತು. ಚೀಟಿಯಲ್ಲಿ 2,200 ಎಂದೇ ಇತ್ತು. ಈ ವಿನಯವೇ ನನಗೆ ಹಿಡಿಸಿತು. ಭಾರತೀಯ ಮಾನಕದ ಐಎಸ್ 16046 ಎಂಬ ಗುರುತೂ, 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇದ್ದವು. ಆ ಸಂಖ್ಯೆಯನ್ನು ಮಾನಕ ಬ್ಯೂರೋದ 'ಬಿಐಎಸ್ ಕೇರ್' ಆ್ಯಪಿನಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಅಲ್ಲಿ ಕಾಣುವ ತಯಾರಕನ ಹೆಸರು ಚೀಟಿಯ ಹೆಸರಿನೊಡನೆ ಹೊಂದಬೇಕು. ಹೊಂದಿತು. ತಯಾರಾಗಿ ಐದು ತಿಂಗಳಾಗಿತ್ತು. ಬೆಲೆ 1,900 ರೂಪಾಯಿ, ರಸೀದಿಸಹಿತ.

ಅದು 205 ಗ್ರಾಂ ತೂಗಿತು. ಅದೇ ಚಿತ್ರವನ್ನು 2 ಗಂಟೆ 50 ನಿಮಿಷ ಓಡಿಸಿತು. ಲೆಕ್ಕದ 32 ವ್ಯಾಟ್-ಗಂಟೆಗಳಲ್ಲಿ ಸುಮಾರು 28 ಕೈಗೆ ಬಂದಂತಾಯಿತು. ಕೊನೆಯ ದಿನಾಂಕಕ್ಕೆ ಮೂರು ದಿನ ಮುಂಚೆ ಹುಡುಗನು ಸೊಕ್ಕೆಯಿಂದ ಫೋನು ಮಾಡಿ, ನಡುವೆ ಕರೆಂಟು ಹೋದರೂ ಅರ್ಜಿ ಸೇರಿತೆಂದು ತಿಳಿಸಿದನು. ಬಳಸದೆ ಇಡುವಾಗ ಅರ್ಧ ತುಂಬಿಸಿ ತಂಪಾದ ಕಡೆ ಇಡಬೇಕೆಂದು ಅವನಿಗೆ ಹೇಳಿದ್ದೇನೆ.

ಆ ಎರಡು ಸತ್ತ ಬ್ಯಾಟರಿಗಳು ಉಳಿದವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕರದು. ತುದಿಗಳಿಗೆ ಟೇಪು ಸುತ್ತಿ ಅವನ್ನು ಪ್ರಯೋಗಶಾಲೆಯ ಮರಳು ತುಂಬಿದ ಡಬ್ಬಿಯಲ್ಲಿಟ್ಟಿದ್ದೇನೆ. ಹೊಸದನ್ನು ಮಾರಿದ ಅಂಗಡಿಯವರು ಮುಂದಿನ ಸಲ ಬಂದಾಗ ತನ್ನಿ ಎಂದಿದ್ದಾರೆ.